ಬರೆದವನ ಕೈ, ಓದುವವನ ಹೊಣೆ

1582ರ ನವೆಂಬರ್ 27ರಂದು ಇಂಗ್ಲೆಂಡಿನ ವೂಸ್ಟರ್ ಬಿಷಪ್ಪರ ಕಚೇರಿಯಲ್ಲಿ ಗುಮಾಸ್ತನೊಬ್ಬ ಒಂದು ಮದುವೆಯ ಪರವಾನಗಿಯನ್ನು ದಫ್ತರಕ್ಕೆ ಏರಿಸಿದ. ವರ ವಿಲಿಯಂ ಷೇಕ್ಸ್‌ಪಿಯರ್. ವಧು ಟೆಂಪಲ್ ಗ್ರಾಫ್ಟನ್ ಎಂಬ ಹಳ್ಳಿಯ ಆನ್ ವೇಟ್ಲಿ. ಮರುದಿನ ಇಬ್ಬರು ರೈತರು ಬಂದು ವಿಲಿಯಮ್ಮನ ಮದುವೆಗೆ 40 ಪೌಂಡಿನ ಮುಚ್ಚಳಿಕೆ ಬರೆದುಕೊಟ್ಟರು. ಅದರಲ್ಲಿ ವಧುವಿನ ಹೆಸರು ಆನ್ ಹ್ಯಾಥವೇ, ಊರು ಸ್ಟ್ರಾಟ್‌ಫರ್ಡ್.

ಒಂದೇ ದಿನದ ಅಂತರದಲ್ಲಿ ಒಬ್ಬ ವರನಿಗೆ ಇಬ್ಬರು ವಧುಗಳು! 1905ರಲ್ಲಿ ಜೆ. ಡಬ್ಲ್ಯೂ. ಗ್ರೇ ಎಂಬ ಸಂಶೋಧಕ ಆ ದಫ್ತರವನ್ನು ಕೂತು ಓದಿದ. ಇದೇ ಗುಮಾಸ್ತ ಅದೇ ದಿನ ಕ್ರೌಲ್ ಊರಿನ ಪಾದ್ರಿಗೂ ವಿಲಿಯಂ ವೇಟ್ಲಿ ಎಂಬಾತನಿಗೂ ನಡೆಯುತ್ತಿದ್ದ ಒಂದು ವ್ಯಾಜ್ಯವನ್ನೂ ಬರೆದಿದ್ದ. ಕಿವಿಯಲ್ಲೋ ಕಣ್ಣಲ್ಲೋ ಉಳಿದಿದ್ದ ಆ ಹೆಸರು ಲೇಖನಿಯ ತುದಿಗೆ ಬಂದು ಹ್ಯಾಥವೇ ಇರಬೇಕಾದ ಕಡೆ ಕೂತಿರಬೇಕು ಎಂಬುದು ಗ್ರೇ ಕೊಟ್ಟ ವಿವರಣೆ; ಹೆಚ್ಚಿನ ವಿದ್ವಾಂಸರು ಇಂದಿಗೂ ಒಪ್ಪುವುದು ಅದನ್ನೇ. ಆದರೂ ಕತೆ ಅಲ್ಲಿಗೆ ನಿಲ್ಲಲಿಲ್ಲ. 1909ರಲ್ಲಿ ಫ್ರಾಂಕ್ ಹ್ಯಾರಿಸ್ ಬರೆದ ಪುಸ್ತಕದಲ್ಲಿ ಆನ್ ವೇಟ್ಲಿ ಕವಿಯ ನಿಜವಾದ ಪ್ರೇಯಸಿಯಾದಳು, ಆನ್ ಹ್ಯಾಥವೇ ಬಲವಂತಕ್ಕೆ ಕಟ್ಟಿಕೊಂಡ ಹೆಂಡತಿಯಾದಳು. 1964ರಲ್ಲಿ ಆಂಥೊನಿ ಬರ್ಜೆಸ್ ತನ್ನ ಕಾದಂಬರಿಯಲ್ಲಿ ಇದೇ ಎಳೆಯನ್ನು ಮತ್ತೆ ಹಿಡಿದ. ಗುಮಾಸ್ತನ ಕೈತಪ್ಪಿನಿಂದ ಹುಟ್ಟಿದಂತೆ ಕಾಣುವ ಹೆಣ್ಣಿಗೆ ಸೌಂದರ್ಯವೂ ಪ್ರೇಮವೂ ದೊರೆತವು. ಮೂರು ಮಕ್ಕಳನ್ನು ಹೆತ್ತು, ಒಬ್ಬ ಮಗನನ್ನು ಮಣ್ಣಿಗಿಟ್ಟು, ಗಂಡ ತೀರಿಕೊಂಡ ಮೇಲೂ 7 ವರ್ಷ ಬದುಕಿದ್ದ ಹೆಣ್ಣಿಗೆ ಬೇಡವಾದವಳೆಂಬ ಹೆಸರು ಅಂಟಿತು.

ಹಳೆಯ ಚರ್ಚ್ ದಫ್ತರಗಳಲ್ಲಿ ಮನೆತನದ ಬೇರು ಹುಡುಕುವವರು ಮಸುಕಾದ ಹೆಸರುಗಳನ್ನು ಹೇಗೆ ಬಿಡಿಸಬೇಕೆಂದು ಹೇಳುವ ಕೈಪಿಡಿಗಳಿಗೆ ಕೊರತೆಯಿಲ್ಲ. ಅವು ಅಷ್ಟಾಗಿ ಮುಟ್ಟದ ಒಂದು ಪ್ರಶ್ನೆ ಇದೆ. ಸತ್ತವರ ಹೆಸರನ್ನು ಇದೇ ಎಂದು ತೀರ್ಮಾನಿಸುವ ಹಕ್ಕು ಓದುವವನಿಗೆ ಎಷ್ಟರ ಮಟ್ಟಿಗೆ ಇದೆ? ಅಕ್ಷರ ತಿಳಿದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆ ದಫ್ತರಗಳನ್ನು ಬರೆದವರಲ್ಲಿ ಹಲವರು ತಮ್ಮ ಬರಹವನ್ನು ದೇವರ ಮುಂದಿನ ಸಾಕ್ಷಿಯೆಂದು ತಿಳಿದಿರಬಹುದು. ಹಾಗಾಗಿ ಪ್ರಶ್ನೆ ಧರ್ಮಕ್ಕೂ ಸೇರಿದ್ದು.

ಇಂಗ್ಲೆಂಡಿನಲ್ಲಿ ಈ ದಫ್ತರಗಳು ಶುರುವಾದದ್ದು 1538ರಲ್ಲಿ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆ ವರ್ಷ ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದೊಂದು ಚರ್ಚಿನ ಸೀಮೆಗೂ, ಆಜ್ಞೆ ಕಳಿಸಿದ: ವಾರದಲ್ಲಿ ನಡೆದ ಮದುವೆ, ಜ್ಞಾನಸ್ನಾನ, ಸಮಾಧಿಗಳನ್ನು ಪಾದ್ರಿ ಭಾನುವಾರ ಚರ್ಚ್ ವಾರ್ಡನ್ನರ ಎದುರಿಗೇ ಪುಸ್ತಕಕ್ಕೆ ಏರಿಸಬೇಕು, ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು, ತಪ್ಪಿದರೆ 3 ಷಿಲಿಂಗ್ 4 ಪೆನ್ನಿ ದಂಡ. ಹೊಸ ತೆರಿಗೆಗೆ ದಾರಿಯಿರಬಹುದೆಂದು ಜನ ಅನುಮಾನಿಸಿದರು. ಕ್ಯಾಥೊಲಿಕ್ ಲೋಕದಲ್ಲಿ 1563ರ ಟ್ರೆಂಟ್ ಮಹಾಸಭೆ ಮದುವೆಯ ದಾಖಲೆಯನ್ನು ಕಡ್ಡಾಯ ಮಾಡಿತು. 1614ರ ರೋಮನ್ ವಿಧಿಗ್ರಂಥ ಯಾವ ಪುಸ್ತಕದಲ್ಲಿ ಏನನ್ನು ಯಾವ ಮಾತಿನಲ್ಲಿ ಬರೆಯಬೇಕೆಂಬ ಮಾದರಿಯನ್ನೂ ಕೊಟ್ಟಿತು.

ಮೊದಲ ಇಂಗ್ಲಿಷ್ ಪುಸ್ತಕಗಳು ಹೆಚ್ಚಾಗಿ ಕಾಗದದವು. ಅವು ಹಾಳಾಗುತ್ತಿರುವುದನ್ನು ಕಂಡು 1598ರಲ್ಲಿ ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಲು ಅಪ್ಪಣೆಯಾಯಿತು. ಮೊದಲಿನಿಂದ, ವಿಶೇಷವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ, ಎಂಬ ಮಾತು ಆ ಅಪ್ಪಣೆಯಲ್ಲಿತ್ತು. ಎಷ್ಟೋ ಕಡೆ ನಕಲು ಮಾಡುವವರು ಈ ಎರಡನೆಯ ಮಾತನ್ನೇ ಹಿಡಿದು ಹಿಂದಿನ 20 ವರ್ಷಗಳನ್ನು ಕೈಬಿಟ್ಟರು. ನಕಲು ಮಾಡುವ ಈ ಅಪ್ಪಣೆಯಿಂದಾಗಿಯೇ ಇಂದು ಸ್ಟ್ರಾಟ್‌ಫರ್ಡಿನಲ್ಲಿ ಷೇಕ್ಸ್‌ಪಿಯರನ ಜ್ಞಾನಸ್ನಾನದ್ದೆಂದು ತೋರಿಸುವ 1564ರ ಏಪ್ರಿಲ್ 26ರ ಸಾಲು ಆ ದಿನ ಬರೆದದ್ದಲ್ಲ. 1600ರ ಹೊತ್ತಿಗೆ ಮಾಡಿದ ಪ್ರತಿ. ಅದರಲ್ಲಿ ಲ್ಯಾಟಿನ್ ವ್ಯಾಕರಣವೂ ತಪ್ಪಿದೆ. ಜಾನ್‌ನ ಮಗ ಎಂದು ಹೇಳಲು ‘ಯೋಹಾನಿಸ್’ ಎಂಬ ಷಷ್ಠಿ ರೂಪ ಬೇಕಿತ್ತು, ಬರೆದಿರುವುದು ‘ಯೋಹಾನೆಸ್’. ಜಗತ್ತಿನ ಅತಿ ಹೆಸರಾದ ಜ್ಞಾನಸ್ನಾನದ ದಾಖಲೆಯೇ ಹೀಗಿದ್ದರೆ ಹಳ್ಳಿಯ ಬಡ ರೈತನ ಮಗಳ ಸಾಲು ಹೇಗಿದ್ದೀತು?

ಆ ಕಾಲದ ಬರವಣಿಗೆಯೇ ಮೊದಲ ತೊಡಕು. ಸೆಕ್ರೆಟರಿ ಹ್ಯಾಂಡ್ ಎಂದು ಕರೆಯುವ ಆ ಶೈಲಿಯಲ್ಲಿ ‘ಸಿ’ ಅಕ್ಷರ ಇಂದಿನ ‘ಆರ್’ನಂತೆ ಕಾಣುತ್ತದೆ, ‘ಇ’ ಹಿಂದುಮುಂದಾಗಿ ಸುತ್ತುತ್ತದೆ, ಉದ್ದನೆಯ ‘ಎಸ್’ ನೋಡಲು ‘ಎಫ್’ನಂತಿರುತ್ತದೆ. ‘ಐ’, ‘ಎನ್’, ‘ಯು’, ‘ಎಂ’ ನಾಲ್ಕೂ ಒಂದೇ ಬಗೆಯ ಗಿಡ್ಡ ಗೀಟುಗಳಿಂದ ಆಗುತ್ತವೆ. ಅವು ಒಟ್ಟಿಗೆ ಬಂದರೆ ಎಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಯಿತೆಂದು ಹೇಳುವುದು ಕಷ್ಟ. ಶಾನುಭೋಗರ ಮೋಡಿ ಕಡತಗಳನ್ನು ಓದಿ ಅಭ್ಯಾಸವಿದ್ದವರಿಗೆ ಈ ಪಾಡು ಹೊಸದಲ್ಲ: ಅಕ್ಷರ ಅಕ್ಷರವಾಗಿ ಓದಿದರೆ ಆಗುವುದಿಲ್ಲ, ಬರೆದವನ ಕೈಯ ರೂಢಿಯನ್ನೇ ಮೊದಲು ಕಲಿಯಬೇಕು.

ಎರಡನೆಯದು ಲ್ಯಾಟಿನ್. ‘ಯಾಕೋಬುಸ್’ ಎಂದು ಬರೆದಿದ್ದರೆ ಮನೆಯಲ್ಲಿ ಅವನು ಜೇಮ್ಸ್ ಆಗಿದ್ದನೋ ಜೇಕಬ್ ಆಗಿದ್ದನೋ ತಿಳಿಯದು. ‘ಯೋಹಾನ್ನಾ’ ಎಂಬ ಒಂದೇ ರೂಪದೊಳಗೆ ಜೇನ್, ಜೋನ್, ಜೀನ್ ಮೂವರೂ ಅಡಗಿದ್ದಾರೆ. ಕ್ರಿಸ್ಟಫರ್ ಎಂಬ ಹೆಸರಿನ ಮೊದಲ ಭಾಗವನ್ನು ಕ್ರಿಸ್ತನ ಗ್ರೀಕ್ ಸಂಕೇತದಿಂದ ಬರೆಯುತ್ತಿದ್ದರು. ಅದು ಗೊತ್ತಿಲ್ಲದವರು ‘ಎಕ್ಸ್’ನಿಂದ ಶುರುವಾಗುವ ವಿಚಿತ್ರ ಹೆಸರೊಂದನ್ನು ಓದಿಕೊಳ್ಳುತ್ತಾರೆ. ಎಲ್ಲಕ್ಕಿಂತ ಕಾಡುವುದು ‘ಫಿಲ್’ ಎಂಬ ಮೊಟಕು. ಅದು ಮಗನೆಂಬುದಕ್ಕೂ ಆಗುತ್ತದೆ, ಮಗಳೆಂಬುದಕ್ಕೂ ಆಗುತ್ತದೆ. ಅದರ ಹಿಂದೆ ಫ್ರಾನ್ಸಿಸ್ ಎಂಬ ಹೆಸರಿದ್ದರೆ, ಆ ಕಾಲದಲ್ಲಿ ಗಂಡಿಗೂ ಹೆಣ್ಣಿಗೂ ಅದನ್ನು ಒಂದೇ ಬಗೆಯಲ್ಲಿ ಬರೆಯುತ್ತಿದ್ದುದರಿಂದ, ಹುಟ್ಟಿದ್ದು ಯಾರೆಂಬುದೇ ಕೈತಪ್ಪುತ್ತದೆ.

ಬರೆದದ್ದು ಸ್ಪಷ್ಟವಾಗಿದ್ದಾಗಲೂ ಹೆಸರು ಒಂದೇ ಆಗಿರಬೇಕೆಂದಿಲ್ಲ. ಆನ್ ಹ್ಯಾಥವೇಯ ತಂದೆ 1581ರ ತನ್ನ ಉಯಿಲಿನಲ್ಲಿ ಮಗಳನ್ನು ಆಗ್ನೆಸ್ ಎಂದು ಕರೆದಿದ್ದಾನೆ. ಆಗ ಆ ಹೆಸರನ್ನು ಆನಿಸ್ ಎಂದು ಉಚ್ಚರಿಸುತ್ತಿದ್ದರು. ಕವಿಯ ಮಗ ಹ್ಯಾಮ್ನೆಟ್‌ಗೆ ಹೆಸರು ಬಂದದ್ದು ನೆರೆಯ ಹ್ಯಾಮ್ನೆಟ್ ಸ್ಯಾಡ್ಲರನಿಂದ ಎಂದು ನಂಬಲಾಗಿದೆ. ಕವಿಯ ಉಯಿಲಿನಲ್ಲಿ ಅದೇ ನೆರೆಯವ ‘ಹ್ಯಾಮ್ಲೆಟ್’ ಸ್ಯಾಡ್ಲರ್ ಆಗಿದ್ದಾನೆ. ಅಂದಿನವರಿಗೆ ಇದರಲ್ಲಿ ಗೊಂದಲವೇನೂ ಕಂಡಿರಲಿಕ್ಕಿಲ್ಲ. ಹೆಸರಿಗೆ ಒಂದೇ ಸರಿಯಾದ ಕಾಗುಣಿತ ಇರಬೇಕೆಂಬ ಹಟ ಪಾಸ್‌ಪೋರ್ಟು, ಅಂಕಪಟ್ಟಿ, ಆಧಾರ್ ಕಾರ್ಡುಗಳ ನಡುವೆ ಬೆಳೆದ ಈಗಿನವರದು. ಆ ಹಟವನ್ನು 16ನೇ ಶತಮಾನದ ಪುಟಕ್ಕೆ ಹೊತ್ತೊಯ್ದರೆ ಒಬ್ಬಳೇ ಹೆಣ್ಣು ಇಬ್ಬರಾಗುತ್ತಾಳೆ.

ಇಬ್ಬರು ಒಬ್ಬಳಾಗುವುದೂ ಉಂಟು. ಷೇಕ್ಸ್‌ಪಿಯರನ ತಂದೆತಾಯಿಗೆ 1558ರಲ್ಲಿ ಹುಟ್ಟಿದ ಮೊದಲ ಮಗುವಿನ ಹೆಸರು ಜೋನ್. 1569ರಲ್ಲಿ ಅದೇ ತಂದೆತಾಯಿ ಇನ್ನೊಂದು ಮಗುವಿಗೆ ಜೋನ್ ಎಂದು ಹೆಸರಿಟ್ಟರು. ಮೊದಲ ಜೋನ್ ಸತ್ತದ್ದಕ್ಕೆ ದಫ್ತರದ ಸಾಲು ಸಿಗುವುದಿಲ್ಲ. ತಂಗಿಗೆ ಅದೇ ಹೆಸರು ಬಂದದ್ದೇ ಅಕ್ಕನ ಸಾವಿಗೆ ಉಳಿದ ಸಾಕ್ಷಿ. ಅವಸರದ ವಂಶವೃಕ್ಷಗಾರ ಎರಡನ್ನೂ ಸೇರಿಸಿ ಒಂದೇ ಜೋನ್ ಮಾಡಿದರೆ, ಒಂದು ಎಳೆಯ ಮಗು ಬಾಳಿದ್ದ ಅಷ್ಟಿಷ್ಟು ದಿನವೂ ಲೆಕ್ಕದಿಂದ ಹೋಗುತ್ತದೆ.

ಈ ತಪ್ಪುಗಳಿಂದ ಸತ್ತವರಿಗೆ ಏನಾದರೂ ಆಗುತ್ತದೆಯೇ? ಹಳೆಯ ದೇವತಾಶಾಸ್ತ್ರದ ಉತ್ತರ ನಿಚ್ಚಳವಾಗಿದೆ: ಏನೂ ಆಗುವುದಿಲ್ಲ. ಜ್ಞಾನಸ್ನಾನ ಸಿಂಧುವಾಗಲು ನೀರು ಬೇಕು. ತಂದೆ, ಮಗ, ಪವಿತ್ರಾತ್ಮರ ಹೆಸರು ಬೇಕು. ಚರ್ಚ್ ಏನು ಮಾಡುತ್ತದೋ ಅದನ್ನೇ ಮಾಡುವ ಉದ್ದೇಶ ಬೇಕು. ಪುಸ್ತಕ ಬೇಕಿಲ್ಲ. ಮಗುವಿನ ಹೆಸರು ಕೂಡ ಸಂಸ್ಕಾರದ ಜೀವಾಳವಲ್ಲ.

ಇದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕೆಂಟ್ ಸೀಮೆಯ ಸ್ಟೇಪಲ್‌ಹರ್ಸ್ಟ್ ಊರಿನ ದಫ್ತರ ನೋಡಬೇಕು. ಅಲ್ಲಿ ಕೆಲವು ಮಕ್ಕಳ ಹೆಸರು ‘ಕ್ರೀಚರ್’, ಅಂದರೆ ಸೃಷ್ಟಿಯಾದ ಜೀವ. ಮೊದಲ ಸಲ ನೋಡಿದವರಿಗೆ ಯಾವುದೋ ಅಡ್ಡಹೆಸರನ್ನು ತಪ್ಪಾಗಿ ಓದಿದೆವೇನೋ ಅನಿಸುತ್ತದೆ. ವಿಷಯ ಬೇರೆ. ಹೆರಿಗೆ ಕಷ್ಟವಾಗಿ ಮಗು ಉಳಿಯುವುದಿಲ್ಲವೆನಿಸಿದಾಗ ಸೂಲಗಿತ್ತಿಯೇ ಜ್ಞಾನಸ್ನಾನ ಮಾಡಿಸಬಹುದಿತ್ತು. ಗಂಡೋ ಹೆಣ್ಣೋ ತಿಳಿಯುವ ಮೊದಲೇ ನೀರು ಹಾಕಬೇಕಾದಾಗ ಎರಡಕ್ಕೂ ಸಲ್ಲುವ ಹೆಸರು ಬೇಕು. ಕ್ರಿಸ್ತನ ಜೀವ ಎಂಬ ಅರ್ಥದಲ್ಲಿ ಇದನ್ನಿಟ್ಟರು. ಹಾಗೆ ಹೆಸರು ಪಡೆದ ಕೆಲವರು ಬದುಕಿಯೂ ಬಿಟ್ಟರು. 1579ರ ಜುಲೈಯಲ್ಲಿ ಕ್ರೀಚರ್ ಚೀಸ್‌ಮನ್ ಎಂಬ ಹುಡುಗಿಗೆ ಅದೇ ಊರಿನಲ್ಲಿ ಮದುವೆಯಾಯಿತು. 1604ರಲ್ಲಿ ಹ್ಯಾಂಪ್ಟನ್ ಕೋರ್ಟಿನ ಸಭೆಯಲ್ಲಿ ದೊರೆ ಜೇಮ್ಸ್ ಹೆಂಗಸರು ಜ್ಞಾನಸ್ನಾನ ಮಾಡಿಸುವುದಕ್ಕೆ ಅಡ್ಡಬಂದ; ಪ್ರಾರ್ಥನಾ ಪುಸ್ತಕದಲ್ಲಿ ಆ ಕೆಲಸವನ್ನು ಪಾದ್ರಿಗೇ ಮೀಸಲಿಡುವಂತೆ ತಿದ್ದಲಾಯಿತು. ಸೂಲಗಿತ್ತಿಯ ನೀರೂ ತಲುಪದ ಕೂಸುಗಳು ಜ್ಞಾನಸ್ನಾನದ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅಂಥ ಕೂಸುಗಳಿಗೂ ಮುಕ್ತಿಯ ಭರವಸೆ ಇಡಲು ಆಧಾರವಿದೆಯೆಂದು ವ್ಯಾಟಿಕನ್ನಿನ ದೇವತಾಶಾಸ್ತ್ರ ಆಯೋಗ ವಿವರವಾಗಿ ಬರೆದದ್ದು 2007ರಲ್ಲಿ.

ಆದರೆ ಹೆಸರನ್ನು ಸರಿಯಾಗಿ ಓದುವುದೇ ಮೋಕ್ಷಕ್ಕೆ ಸಂಬಂಧಿಸಿದ ಕೆಲಸವಾಗಿರುವ ಒಂದು ಪಂಥವೂ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಯಿರುವ ಲೇಟರ್ ಡೇ ಸೇಂಟ್ಸ್, ಅಂದರೆ ಮಾರ್ಮನ್ನರು, ಸತ್ತ ಹಿರಿಯರ ಪರವಾಗಿ ಬದುಕಿರುವವರು ನೀರಿಗಿಳಿದು ಜ್ಞಾನಸ್ನಾನ ಪಡೆಯಬಹುದೆಂದು ನಂಬುತ್ತಾರೆ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ ಒಂದು ಮಾತು ಇದಕ್ಕೆ ಆಧಾರ. ಸ್ಥಾಪಕ ಜೋಸೆಫ್ ಸ್ಮಿತ್ ಇದನ್ನು ಸಾರಿದ್ದು 1840ರಲ್ಲಿ. 1842ರ ಪತ್ರವೊಂದರಲ್ಲಿ ಅವನು ದಾಖಲೆ ಬರೆಯುವವನು ಕಣ್ಣಾರೆ ಕಂಡು, ನಿಖರವಾಗಿ ಬರೆಯಬೇಕೆಂದು ಒತ್ತಿ ಹೇಳಿದ. ಪ್ರಕಟನೆ ಗ್ರಂಥದಲ್ಲಿ ಸತ್ತವರಿಗೆ ತೀರ್ಪಾಗುವುದು ಪುಸ್ತಕಗಳಲ್ಲಿ ಬರೆದದ್ದರ ಮೇಲೆ ಎಂದಿರುವುದನ್ನು ನೆನಪಿಸಿದ.

ಈ ನಂಬಿಕೆಯಿಂದಲೇ ಯೂಟಾದ ವಂಶಾವಳಿ ಸಂಘ 1894ರಲ್ಲಿ ಹುಟ್ಟಿತು, 1938ರಿಂದ ಜಗತ್ತಿನ ದಫ್ತರಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿತು, ಸಾಲ್ಟ್ ಲೇಕ್ ಹತ್ತಿರದ ಬೆಟ್ಟದ ಬಂಡೆ ಕೊರೆದು 1960ರ ದಶಕದಲ್ಲಿ ಉಗ್ರಾಣ ಕಟ್ಟಿ ಲಕ್ಷಗಟ್ಟಲೆ ಸುರುಳಿಗಳನ್ನು ಇಟ್ಟಿತು. ಇಂದು ಬೇರೆ ಧರ್ಮದವರು, ಯಾವ ಧರ್ಮವೂ ಬೇಡವೆನ್ನುವವರು ಕೂಡ ಅಜ್ಜ ಮುತ್ತಜ್ಜರನ್ನು ಹುಡುಕಲು ಈ ಭಂಡಾರವನ್ನು ಬಳಸುತ್ತಾರೆ. ಅಲ್ಲಿನ ಹಳೆಯ ಸೂಚಿಗಳಲ್ಲಿ ಒಬ್ಬನೇ ಮನುಷ್ಯ ನಾಲ್ಕು ಕಾಗುಣಿತಗಳಲ್ಲಿ ನಾಲ್ಕು ಸಲ ಬಂದಿರುವುದು, ಊಹೆಯ ಹೆಸರು ನಿಜದ ಹೆಸರಿನ ಪಕ್ಕ ಕೂತಿರುವುದು ಬಳಸಿದವರಿಗೆಲ್ಲ ಗೊತ್ತು. ಸತ್ತವರ ಆತ್ಮ ತನ್ನ ಪರವಾಗಿ ಮಾಡಿದ ಜ್ಞಾನಸ್ನಾನವನ್ನು ಒಪ್ಪಬಹುದು, ಬಿಡಬಹುದು ಎಂಬುದು ಮಾರ್ಮನ್ನರ ಸಿದ್ಧಾಂತ. ಹೊರಗಿನವರಿಗೆ ಇಷ್ಟು ಸಮಾಧಾನ ಸಾಲಲಿಲ್ಲ. ಹಿಟ್ಲರನ ಹತ್ಯಾಕಾಂಡದಲ್ಲಿ ಸತ್ತ ಯಹೂದಿಗಳ ಹೆಸರುಗಳೂ ಈ ಜ್ಞಾನಸ್ನಾನದ ಪಟ್ಟಿಗೆ ಸೇರಿದ್ದು ತಿಳಿದಾಗ ಯಹೂದಿ ಸಂಘಟನೆಗಳು ನೊಂದು ಪ್ರತಿಭಟಿಸಿದವು; 1995ರಲ್ಲಿ ಅವುಗಳನ್ನು ತೆಗೆಯುವ ಒಪ್ಪಂದವಾಯಿತು. 2008ರಲ್ಲಿ ವ್ಯಾಟಿಕನ್ ಪ್ಯಾರಿಷ್ ದಫ್ತರಗಳನ್ನು ಮಾರ್ಮನ್ನರಿಗೆ ಪ್ರತಿಮಾಡಲು ಕೊಡಕೂಡದೆಂದು ಬಿಷಪ್ಪರಿಗೆ ಸೂಚಿಸಿತು. ಯಹೂದಿಯಾಗಿದ್ದ ಕಾರಣಕ್ಕೇ ಕೊಲೆಯಾದವನ ಹೆಸರನ್ನು ಇನ್ನೊಂದು ಧರ್ಮದ ಪುಸ್ತಕಕ್ಕೆ ಏರಿಸುವುದು, ಪ್ರೀತಿಯಿಂದ ಮಾಡಿದ್ದಾದರೂ, ಅವನ ಬಳಿ ಉಳಿದಿದ್ದ ಕೊನೆಯ ಸ್ವತ್ತಿಗೆ ಕೈಹಾಕಿದಂತೆ.

ಪುಸ್ತಕದಲ್ಲಿ ಬರೆದದ್ದರ ಮೇಲೆ ತೀರ್ಪು ಎಂಬ ಮಾತಿಗೆ ಎದುರಾದ ಇನ್ನೊಂದು ದನಿ ಬೈಬಲ್ಲಿನ ಒಳಗೇ ಇದೆ. ದೇವರು ತನ್ನ ಜನರನ್ನು ಹೆಸರು ಹಿಡಿದು ಕರೆದಿದ್ದಾನೆಂದು ಯೆಶಾಯನ ಗ್ರಂಥ ಹೇಳುತ್ತದೆ. ಜಯಿಸಿದವನಿಗೆ ಬಿಳಿಯ ಕಲ್ಲಿನ ಮೇಲೆ ಹೊಸ ಹೆಸರು ಕೊಡಲಾಗುವುದು, ಅದನ್ನು ಪಡೆದವನ ಹೊರತು ಯಾರೂ ಅರಿಯರು ಎಂಬ ಮಾತು ಪ್ರಕಟನೆ ಗ್ರಂಥದಲ್ಲೇ ಬರುತ್ತದೆ. ಹೀಗೆ ನಂಬುವವನಿಗೆ ದಫ್ತರದ ಮಸುಕು ಹೆಸರು ಭಯದ ವಿಷಯವಾಗಬೇಕಿಲ್ಲ. ದೇವರ ನೆನಪು ಗುಮಾಸ್ತನ ಮಸಿಯನ್ನು ನೆಚ್ಚಿಕೊಂಡಿಲ್ಲವೆಂದರೆ, ಓದುವವನು ತನಗೆ ಕಾಣದ ಅಕ್ಷರವನ್ನು ಕಂಡೆನೆಂದು ಹೇಳುವ ತುರ್ತು ಎಲ್ಲಿಂದ ಬರಬೇಕು? ನಂಬದವನಿಗೂ ಕಟ್ಟು ಸಡಿಲವಾಗುವುದಿಲ್ಲ. ಸತ್ತವರು ಎದ್ದು ಬಂದು ‘ಅದು ನಾನಲ್ಲ’ ಎನ್ನಲಾರರು. ಎದುರು ಮಾತನಾಡಲಾರದವರ ವಿಷಯದಲ್ಲಿ ಕಂಡಷ್ಟನ್ನೇ ಹೇಳುವುದು ನ್ಯಾಯ.

ಹೆಸರೇ ಬರೆಯದ ಕಡೆ ಈ ನ್ಯಾಯದ ಭಾರ ಇನ್ನೂ ಹೆಚ್ಚು. 1616ರ ಡಿಸೆಂಬರ್ 22ರಂದು ಲಂಡನ್ನಿನ ಸೇಂಟ್ ಡಯೊನಿಸ್ ಬ್ಯಾಕ್‌ಚರ್ಚಿನಲ್ಲಿ ಪೂರ್ವ ಇಂಡಿಯಾದ ಒಬ್ಬನಿಗೆ ಪೀಟರ್ ಎಂಬ ಹೆಸರಿನಲ್ಲಿ ಜ್ಞಾನಸ್ನಾನವಾಯಿತು. ಬಂಗಾಳ ಕೊಲ್ಲಿಯ ಕಡೆಯ ಈ ಹುಡುಗನನ್ನು ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ ಪ್ಯಾಟ್ರಿಕ್ ಕೋಪ್ಲಂಡ್ 1614ರಲ್ಲಿ ಕರೆತಂದು ಓದಿಸಿದ್ದ. ಹೆಸರನ್ನು ಆರಿಸಿದ್ದು ದೊರೆ ಜೇಮ್ಸ್ ಎನ್ನುತ್ತಾರೆ. ಹುಡುಗ ಲ್ಯಾಟಿನ್ನಿನಲ್ಲಿ ಬರೆದ ಪತ್ರಗಳು 1622ರಲ್ಲಿ ಅಚ್ಚಾದವು. ಸಹಿ ಪೆಟ್ರುಸ್ ಪಾಪಾ ಎಂದು. ಅವನ ತಾಯಿ ಅವನನ್ನು ಏನೆಂದು ಕೂಗುತ್ತಿದ್ದಳೋ ಆ ದಫ್ತರ ಕೇಳಲೇ ಇಲ್ಲ.

ಎರಡು ಶತಮಾನ ಕಳೆದ ಮೇಲೂ ಇದು ಹೆಚ್ಚು ಬದಲಾಗಲಿಲ್ಲ. ಕಂಪನಿಯ ಮದರಾಸು, ಬಂಗಾಳ, ಬೊಂಬಾಯಿ ಪ್ರಾಂತಗಳ ಚರ್ಚುಗಳಿಂದ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬೆಂಗಳೂರು ದಂಡಿನ ಕುಟುಂಬಗಳನ್ನು ಹುಡುಕುವವರು ಮದರಾಸಿನ ಸರಣಿಯನ್ನೇ ನೋಡಬೇಕು. ಸೈನಿಕ ತಂದೆಯ ಹೆಸರು, ಹುದ್ದೆ, ಪಲ್ಟನ್ನು ಎಲ್ಲ ಸ್ಪಷ್ಟವಾಗಿರುವ ಸಾಲಿನಲ್ಲಿ ತಾಯಿಯ ಜಾಗದಲ್ಲಿ ‘ದೇಶೀ ಹೆಂಗಸು’ ಎಂದಷ್ಟೇ ಇರುವುದು, ಅದೂ ಇಲ್ಲದೆ ಖಾಲಿ ಬಿಟ್ಟಿರುವುದು, ಇಂಥ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆ ಖಾಲಿ ಜಾಗಕ್ಕೆ ಬೇರೆ ಸಾಲಿನ ಮರಿಯಾಳನ್ನೋ ಎಲಿಜಬೆತ್‌ಳನ್ನೋ ತಂದು ಕೂರಿಸುವ ಆಸೆ ವಂಶವೃಕ್ಷ ಬರೆಯುವವರಿಗೆ ಸಹಜ. ಕೂರಿಸಿದರೆ ಹೆಸರಿಲ್ಲದವಳಿಗೆ ಆದ ಅನ್ಯಾಯ ಕಾಣದಂತಾಗುತ್ತದೆ. ಖಾಲಿ ಬಿಟ್ಟರೆ, ಯಾರು ಯಾರ ಹೆಸರನ್ನು ಕೇಳಲಿಲ್ಲವೆಂಬುದಾದರೂ ಉಳಿಯುತ್ತದೆ.

ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆತನಗಳಿಗೆ ಇನ್ನೊಂದು ಬಗೆಯ ತೊಡಕು. ಮನೆಯಲ್ಲಿ ಬಸ್ತ್ಯಾಂವ್ ಎಂದು ಕರೆಸಿಕೊಂಡವನು ಪೋರ್ಚುಗೀಸಿನಲ್ಲಿ ಸೆಬಾಸ್ತ್ಯಾಂವ್, ಲ್ಯಾಟಿನ್ನಿನಲ್ಲಿ ಸೆಬಾಸ್ತಿಯಾನುಸ್, ಇಂಗ್ಲಿಷಿನಲ್ಲಿ ಸೆಬಾಸ್ಟಿಯನ್. ಜುವಾಂವ್ ಎಂಬವನು ಯೋಹಾನೆಸ್ಸೂ ಹೌದು, ಜಾನ್ ಕೂಡ ಹೌದು. ಇಲ್ಲಿನ ಕ್ಯಾಥೊಲಿಕರ ಮೇಲ್ವಿಚಾರಣೆ ಮೊದಲು ಗೋವೆಯ ಕೈಯಲ್ಲಿತ್ತು, ಆಮೇಲೆ ಕಾರ್ಮೆಲೈಟ್ ಪಾದ್ರಿಗಳಿಗೆ ಬಂತು, 1878ರ ಕೊನೆಯಲ್ಲಿ ಇಟಲಿಯ ಜೆಸುಯಿಟರು ಬಂದಿಳಿದರು. ಒಂದೇ ಹೆಸರನ್ನು ಕೇಳಿದ ಕಿವಿಗಳು ಬೇರೆ ಬೇರೆ. ಜೊತೆಗೆ ಅಡ್ಡಹೆಸರುಗಳು ಕೆಲವೇ: ಡಿಸೋಜ, ಪಿಂಟೊ, ಲೋಬೊ, ಡಿಸಿಲ್ವ. ಸೆಬಾಸ್ತಿಯಾನುಸ್ ಡಿಸೋಜ ಎಂಬ ಸಾಲು ಸಿಕ್ಕಿದ ಕೂಡಲೇ ಮುತ್ತಜ್ಜ ಸಿಕ್ಕಿದನೆಂದು ಹೇಳಲಾಗದು. ಒಂದೇ ಊರಿನಲ್ಲಿ ಆ ಹೆಸರಿನವರು ಹಲವರಿರಬಹುದು. ಇಲ್ಲಿ ನೆರವಿಗೆ ಬರುವವರು ಜ್ಞಾನ ತಂದೆತಾಯಿಗಳು, ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರು. ಅವರು ಹೆಚ್ಚಾಗಿ ಮನೆತನದ ನಂಟರೇ ಆಗಿರುವುದರಿಂದ, ಮಗುವಿನ ಹೆಸರಿಗಿಂತ ಆ ಎರಡು ಹೆಸರುಗಳು ಎಷ್ಟೋ ಸಲ ಮನೆಯನ್ನು ಸರಿಯಾಗಿ ಗುರುತಿಸಿಕೊಡುತ್ತವೆ.

ಕೆಲಸ ಬಲ್ಲವರ ರೂಢಿ ನೋಡಿದರೆ ಇದೆಲ್ಲ ಅವರ ಕೈಯಲ್ಲಿ ಹೇಗೆ ಇಳಿದಿದೆಯೆಂದು ತಿಳಿಯುತ್ತದೆ. ಮಸುಕು ಹೆಸರೊಂದು ಎದುರಾದರೆ ಅವರು ಮೊದಲು ಅದೇ ಪುಟದಲ್ಲಿ ಅದೇ ಕೈ ಬರೆದ, ಸಂಶಯವಿಲ್ಲದ ಪದಗಳನ್ನು ಹುಡುಕುತ್ತಾರೆ. ತಿಂಗಳ ಹೆಸರು, ಊರಿನ ಹೆಸರು ಇದಕ್ಕೆ ಸಲೀಸು. ಅಲ್ಲಿನ ಅಕ್ಷರಗಳನ್ನು ಇಲ್ಲಿಗೆ ಹೊಂದಿಸಿ ನೋಡುತ್ತಾರೆ. ಬಳಿಕ 1598ರ ಅಪ್ಪಣೆಯಂತೆ ವರ್ಷಕ್ಕೊಮ್ಮೆ ಬಿಷಪ್ಪರಿಗೆ ಕಳಿಸುತ್ತಿದ್ದ ಪ್ರತಿ ಉಳಿದಿದೆಯೇ ನೋಡುತ್ತಾರೆ. ಎರಡರಲ್ಲಿ ಬೇರೆ ಬೇರೆ ಇದ್ದರೆ ಎರಡನ್ನೂ ಬರೆದುಕೊಳ್ಳುತ್ತಾರೆ. ಮಾರ್ಚ್ 25ಕ್ಕೆ ವರ್ಷ ಬದಲಾಗುತ್ತಿದ್ದ ಕಾಲದ ತಾರೀಖನ್ನು, ಅಂದರೆ 1752ಕ್ಕಿಂತ ಹಿಂದಿನದನ್ನು, ಅದು ಜನವರಿ 1ರಿಂದ ಮಾರ್ಚ್ 24ರೊಳಗಿನದಾದರೆ ಎರಡೂ ವರ್ಷ ಸೇರಿಸಿ ಗುರುತಿಸುತ್ತಾರೆ. ಕಾಗುಣಿತವನ್ನು ಇದ್ದಂತೆಯೇ ಇಡುತ್ತಾರೆ. ತಾವು ಬಿಡಿಸಿ ತುಂಬಿದ ಅಕ್ಷರಗಳನ್ನು ಚೌಕ ಕಂಸದೊಳಗೆ ಹಾಕಿ, ಸಂಶಯವಿದ್ದರೆ ಪ್ರಶ್ನೆಚಿಹ್ನೆ ಸೇರಿಸುತ್ತಾರೆ. ಜೇನ್ ಎಂದೂ ಜೋನ್ ಎಂದೂ ಓದಬಹುದಾದ ಹುಡುಗಿಯನ್ನು ವಂಶವೃಕ್ಷದಲ್ಲಿ ಎರಡೂ ಹೆಸರಿನಿಂದ ಬರೆದು, ಅವಳ ಕೆಳಗಿನ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಎಳೆದು, ಯಾವ ಪುಸ್ತಕದ ಯಾವ ಹಾಳೆಯೆಂದು ಪಕ್ಕದಲ್ಲಿ ಗುರುತು ಹಾಕುತ್ತಾರೆ. ಮುಂದೆ ಬೇರೆ ಉಯಿಲೋ ಸಮಾಧಿಯ ಸಾಲೋ ಸಿಕ್ಕವರು ಆ ಹಾಳೆಯನ್ನೇ ತೆರೆದು ಮತ್ತೆ ಓದಬಹುದು.